ಮಾನಿಟರ್ ಕೆಟ್ಟಿರಲಿಲ್ಲ

ಮೊದಲು ನಾನು ಬೈದದ್ದು ಮಾನಿಟರ್‌ಗೆ. ನಾಲ್ಕು ವರ್ಷದಿಂದ ನನ್ನ ಜೊತೆ ದುಡಿದದ್ದು, ಒಂದು ದಿನವೂ ಕೈಕೊಟ್ಟಿರಲಿಲ್ಲ. ಆವತ್ತು ಬೆಳಗ್ಗೆ ಕೆಲಸಕ್ಕೆ ಕೂತಾಗ ಪರದೆಯ ಮೇಲಿನ ಕೆಂಪು ಬಣ್ಣಕ್ಕೆ ಯಾರೋ ನೀರು ಬೆರೆಸಿದ ಹಾಗೆ ಕಾಣಿಸಿತು. ಬಟ್ಟೆ ತಂದು ಒರೆಸಿದೆ. ವೈರು ಬಿಚ್ಚಿ ಮತ್ತೆ ಸಿಕ್ಕಿಸಿದೆ. ಸೆಟ್ಟಿಂಗಿಗೆ ಹೋಗಿ ಬಣ್ಣವನ್ನು ಸ್ವಲ್ಪ ಏರಿಸಿದೆ. ಪರವಾಗಿಲ್ಲ ಅನ್ನಿಸಿತು. ಹಾಳಾದ್ದು, ಇದಕ್ಕೂ ವಯಸ್ಸಾಯಿತು ಅಂತ ಗೊಣಗಿಕೊಂಡು ಕೆಲಸ ಮುಂದುವರಿಸಿದೆ.

ನಾನು ಮಂಜುಳ. ಚಿಂತಾಮಣಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಕೂತು ಜನರಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಗೌರಿಬಿದನೂರಿನ ಒಂದು ಶಾಲೆ, ಚಿಕ್ಕಬಳ್ಳಾಪುರದ ಒಬ್ಬ ಹೂವಿನ ವ್ಯಾಪಾರಿ, ಒಂದೆರಡು ಕಲ್ಯಾಣ ಮಂಟಪ, ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ತೆಗೆಯುವ ರೇಷ್ಮೆ ರೀಲರ್‌ಗಳ ಒಂದು ಸಣ್ಣ ಗುಂಪು. ದೊಡ್ಡ ಕಂಪನಿಯ ಕೆಲಸವಲ್ಲ, ಆದರೆ ಬಣ್ಣದ ವಿಷಯಕ್ಕೆ ಬಂದರೆ ನನ್ನನ್ನು ಮೀರಿಸುವವರಿಲ್ಲ ಎಂಬ ಕೊಬ್ಬು ನನಗಿತ್ತು. ಎರಡು ಹಸಿರನ್ನು ಪಕ್ಕದಲ್ಲಿಟ್ಟರೆ ಯಾವುದರಲ್ಲಿ ಹಳದಿ ಒಂದು ಗುಲಗಂಜಿಯಷ್ಟು ಹೆಚ್ಚಿದೆ ಅಂತ ಹೇಳಿಬಿಡುತ್ತಿದ್ದೆ. ನಮ್ಮೆಜಮಾನರು ರವಿ ಶಿಡ್ಲಘಟ್ಟದ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಅವರಿಗೆ ಕಾಲುಚೀಲದ ಜೋಡಿ ಹುಡುಕಿಕೊಡುತ್ತಿದ್ದವಳೂ ನಾನೇ.

ಕಣ್ಣು ಮಂದವಿರುವವರಿಗೆ, ಬಣ್ಣ ಗುರುತಿಸಲಾಗದವರಿಗೆ ಪುಟ ಓದಲು ಬರಬೇಕು, ಅಕ್ಷರಕ್ಕೂ ಹಿನ್ನೆಲೆಗೂ ಇಷ್ಟು ಅಂತರ ಇರಬೇಕು, ಬರೀ ಬಣ್ಣದಿಂದ ಯಾವ ಅರ್ಥವನ್ನೂ ಹೇಳಬಾರದು ಎಂಬ ನಿಯಮಗಳೆಲ್ಲ ನನಗೆ ಗೊತ್ತಿದ್ದವು. ಪರೀಕ್ಷೆ ಮಾಡುವ ಸಾಫ್ಟ್‌ವೇರಿಗೆ ಪುಟವನ್ನು ಕೊಡುವುದು, ಅದು ಪಾಸು ಅಂದರೆ ಸರಿ, ಫೇಲು ಅಂದರೆ ಅಕ್ಷರವನ್ನು ಒಂದಿಷ್ಟು ಕಪ್ಪು ಮಾಡುವುದು. ಅಷ್ಟಕ್ಕೇ ನನ್ನ ಕಾಳಜಿ ಮುಗಿಯುತ್ತಿತ್ತು. ರೀಲರ್‌ಗಳ ಪುಟದಲ್ಲಿ ನೂಲಿನ ಲಾಟು ಸಿಗುವಂತಿದ್ದರೆ ಹಸಿರು ಚೌಕ, ಮಾರಾಟವಾಗಿದ್ದರೆ ಕೆಂಪು ಚೌಕ ಇಟ್ಟಿದ್ದೆ. ಒಂದಕ್ಷರ ಬರೆದಿರಲಿಲ್ಲ. ನೋಡಲು ಅಚ್ಚುಕಟ್ಟಾಗಿ ಇತ್ತು.

ಈಗ ಮುಖ್ಯ ವಿಷಯ ಹೇಳಿಬಿಡುತ್ತೇನೆ. ಮಾನಿಟರ್ ಕೆಟ್ಟಿತು ಅಂದುಕೊಂಡ ಆ ಹೊತ್ತಿಗೆ ನಾನು ಟೀಬಿಗೆ ಮಾತ್ರೆ ತೆಗೆದುಕೊಳ್ಳಲು ಶುರುಮಾಡಿ ನಾಲ್ಕನೇ ತಿಂಗಳು ನಡೆಯುತ್ತಿತ್ತು.

ಕತ್ತಿನಲ್ಲಿ ಒಂದು ಗಂಟು ಕಾಣಿಸಿಕೊಂಡಿತ್ತು. ಅವರೆಕಾಳಿನಷ್ಟಿದ್ದದ್ದು ನೆಲ್ಲಿಕಾಯಷ್ಟಾಯಿತು. ಸೂಜಿ ಹಾಕಿ ಪರೀಕ್ಷೆ ಮಾಡಿದ ಮೇಲೆ ಟೀಬಿ ಅಂದರು. ಕೆಮ್ಮಿಲ್ಲ, ಕಫವಿಲ್ಲ, ಇದು ಯಾರಿಗೂ ಅಂಟುವುದಿಲ್ಲ, ಆರು ತಿಂಗಳು ಮಾತ್ರೆ ನುಂಗಿದರೆ ವಾಸಿ ಅಂತಲೂ ಹೇಳಿದರು. ನನಗೆ ಕಾಯಿಲೆಯ ಹೆದರಿಕೆಗಿಂತ ನಮ್ಮತ್ತೆಯ ಹೆದರಿಕೆ ದೊಡ್ಡದಾಯಿತು. ನಮ್ಮತ್ತೆ ದಿಬ್ಬೂರಹಳ್ಳಿಯವರು, ಈಗ ನಮ್ಮ ಜೊತೆಗೇ ಇರುವವರು. ಹಿಂದೆ ಅವರ ಓರಗಿತ್ತಿಗೆ ಟೀಬಿ ಬಂದು, ಆಕೆಯನ್ನು ರೇಷ್ಮೆ ಹುಳು ಸಾಕುವ ಮನೆಯಲ್ಲಿ ಬೇರೆ ಇಟ್ಟು, ಆಕೆ ಅಲ್ಲೇ ತೀರಿಕೊಂಡಿದ್ದರು. "ಟೀಬಿ ಒಳಗೆ ಬಂತು ಅಂದ್ರೆ ಮನೆ ಮುಗೀತು ಕಣೇ" ಅಂತ ಅತ್ತೆ ಹೇಳುವುದನ್ನು ಮದುವೆಯಾದಾಗಿನಿಂದ ಕೇಳುತ್ತಲೇ ಬಂದಿದ್ದೆ. ಅವರ ಮುಂದೆ ಬಾಯಿ ಬಿಡುವ ಧೈರ್ಯ ನನಗಿರಲಿಲ್ಲ, ರವಿಗೂ ಇರಲಿಲ್ಲ.

ಆದ್ದರಿಂದ ಗಂಡ ಹೆಂಡತಿ ಸೇರಿ ಒಂದು ಬುದ್ಧಿವಂತಿಕೆ ಮಾಡಿದೆವು. ಮಾತ್ರೆಗಳನ್ನು ಅವುಗಳ ಹಾಳೆಯಿಂದ ಬಿಡಿಸಿ ಒಂದು ಖಾಲಿ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, "ಥೈರಾಯ್ಡ್ ಮಾತ್ರೆ ಅತ್ತೆ, ಖಾಲಿ ಹೊಟ್ಟೇಲಿ ತಗೋಬೇಕಂತೆ" ಅಂದೆ. ನನಗೆ ಥೈರಾಯ್ಡ್ ಇಲ್ಲ, ಇವತ್ತಿಗೂ ಇಲ್ಲ. ಪಾಪ, ಅವರು ದಿನಾ ಬೆಳಗ್ಗೆ ತಾವೇ ನೀರು ತಂದುಕೊಟ್ಟು, "ಥೈರೇಡು ನುಂಗ್ದಾ?" ಅಂತ ಕೇಳುತ್ತಿದ್ದರು.

ಮಾತ್ರೆ ಕೊಡುವ ಕೇಂದ್ರದಲ್ಲಿ ಸಿಸ್ಟರ್ ಒಬ್ಬರು ಮೊದಲ ದಿನವೇ ಎಲ್ಲ ಹೇಳಿದ್ದರು. ಮೂತ್ರ ಕೆಂಪಗಾಗುತ್ತೆ, ಗಾಬರಿಯಾಗಬೇಡಿ. ವಾಂತಿಯಾದರೆ ಹೇಳಿ. ಕಣ್ಣು ಮಂಜಾದರೆ, ಬಣ್ಣ ಬೇರೆ ತರ ಕಂಡರೆ ಅವತ್ತೇ ಬನ್ನಿ. ನಾನು ದುಪಟ್ಟಾವನ್ನು ಮೂಗಿನ ತನಕ ಎಳೆದುಕೊಂಡು, ನಮ್ಮ ಬೀದಿಯವರು ಯಾರಾದರೂ ಒಳಗೆ ಬರುತ್ತಾರಾ ಅಂತ ಬಾಗಿಲನ್ನೇ ನೋಡುತ್ತಿದ್ದೆ. ಹೂಂ ಸಿಸ್ಟರ್, ಹೂಂ ಸಿಸ್ಟರ್ ಅಂದೆ. ಅವರ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮಾನಿಟರ್ ಸರಿಮಾಡಿದ ಎರಡು ಮೂರು ದಿನಕ್ಕೆ ಕೆಂಪು ಮತ್ತೆ ಸಪ್ಪೆಯಾಯಿತು. ಈ ಸಲ ಹಸಿರೂ ಅದರ ಜೊತೆ ಸೇರಿತು. ಮಾನಿಟರ್ ಇನ್ನು ಏರಿಸುವಂತಿರಲಿಲ್ಲ. ಹಾಗಾಗಿ ನಾನು ಮಾಡುತ್ತಿದ್ದ ಪುಟಗಳಲ್ಲೇ ಬಣ್ಣ ಏರಿಸತೊಡಗಿದೆ. ಆಗ ರೀಲರ್‌ಗಳ ಪುಟವನ್ನು ಹೊಸದಾಗಿ ಸಿಂಗರಿಸುವ ಕೆಲಸ ನಡೆದಿತ್ತು. ಇವತ್ತು ಕೆಂಪು ಒಂದು ಚೂರು, ನಾಳೆ ಹಸಿರು ಒಂದು ಚೂರು. ಈಗ ಚೆನ್ನಾಗಿದೆ ಅನ್ನಿಸುವವರೆಗೆ ಏರಿಸುವುದು, ಮಾರನೇ ದಿನ ನೋಡಿದರೆ ಮತ್ತೆ ಸಾಲದು.

ಎರಡನೇ ವಾರ ಅಮೀರ್ ಸಾಹೇಬರು ಫೋನ್ ಮಾಡಿದರು. ರೀಲರ್‌ಗಳ ಗುಂಪಿನಲ್ಲಿ ಹಿರಿಯರು ಅವರು. ಗೂಡು ಕೈಗೆತ್ತಿಕೊಂಡು ಒಂದು ಸಲ ನೋಡಿದರೆ ಎಂಥ ನೂಲು ಬರುತ್ತದೆ ಅಂತ ಹೇಳುವವರು.

"ಮಂಜುಳಮ್ಮ, ನಮ್ ಪುಟ ಸ್ವಲ್ಪ ಕಣ್ಣಿಗೆ ಕುಕ್ತಾ ಇದೆಯಲ್ಲಮ್ಮ. ಆ ಕೆಂಪು ಸ್ವಲ್ಪ ಕಮ್ಮಿ ಮಾಡ್ತೀಯಾ?"

"ಸಾಹೇಬ್ರೆ, ನಿಮ್ ಫೋನ್‌ದು ಬ್ರೈಟ್‌ನೆಸ್ ಜಾಸ್ತಿ ಇರ್ಬೇಕು ನೋಡಿ."

"ಮಗಳ ಫೋನಲ್ಲೂ ಹಂಗೇ ಇದೆ."

"ಬಣ್ಣದ ವಿಷ್ಯ ನನಗೆ ಬಿಟ್ಬಿಡಿ" ಅಂದೆ. ಅಷ್ಟು ಒರಟಾಗಿ ಹೇಳಬಾರದಿತ್ತು. ಅವರು ಆಯ್ತಮ್ಮ ಅಂತ ಇಟ್ಟುಬಿಟ್ಟರು.

ಮೂರನೇ ವಾರಕ್ಕೆ ಅಕ್ಷರಗಳ ನಡುವೆ ಒಂದು ಮಸುಕು ಬಂದು ಕೂತಿತು. ನೇರವಾಗಿ ನೋಡಿದ ಅಕ್ಷರ ಅಳಿಸಿದ ಹಾಗೆ, ಪಕ್ಕದ್ದು ಸರಿಯಾಗಿ. ಆಗ ಮಾತ್ರ ನನಗೆ ಹೆದರಿಕೆಯಾಯಿತು. ಆದರೂ ಕಂಪ್ಯೂಟರ್ ನೋಡಿ ನೋಡಿ ಕಣ್ಣು ಸೋತಿದೆ ಅಂತಲೇ ನನಗೆ ನಾನೇ ಹೇಳಿಕೊಂಡೆ. ಚಿಂತಾಮಣಿಯಲ್ಲೇ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಹೊರಟೆ. ರವಿ ಕಾಲೇಜಿಗೆ ಹೋಗಿದ್ದರು. "ಒಬ್ಳೇ ಹೋಗ್ತೀಯಾ? ಕಣ್ಣಿಗೆ ಡ್ರಾಪ್ಸ್ ಹಾಕುದ್ರೆ ದಾರಿ ಕಾಣಲ್ಲ ಕಣೇ" ಅಂತ ಅತ್ತೆ ಸೆರಗು ಸರಿಮಾಡಿಕೊಂಡು ಜೊತೆಗೇ ಬಂದರು. ಡಾಕ್ಟರ ಕೋಣೆಯೊಳಗೂ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತರು.

ಡಾಕ್ಟರು ಬೆಳಕು ಬಿಟ್ಟು ನೋಡಿದರು, ಓದಿಸಿದರು. ಆಮೇಲೆ ಕೇಳಿದರು. "ಬೇರೆ ಯಾವ್ದಾದ್ರೂ ಮಾತ್ರೆ ತಗೊಳ್ತಿದೀರಾಮ್ಮ? ಶುಗರ್, ಬೀಪಿ, ಟೀಬಿ?"

ಹೆಸರು ಹಿಡಿದು ಕೇಳಿದರು. ಅದಕ್ಕಿಂತ ಇನ್ನೇನು ಬೇಕಿತ್ತು ನನಗೆ? ಪಕ್ಕದಲ್ಲಿ ಅತ್ತೆ ಕಿವಿ ನಿಮಿರಿಸಿಕೊಂಡು ಕೂತಿದ್ದರು.

"ಇಲ್ಲ ಸಾರ್. ಥೈರಾಯ್ಡ್ ಒಂದೇ."

"ದಿನಾ ನಾನೇ ನೀರು ಕೊಡ್ತೀನಿ ಸಾಮಿ" ಅಂತ ಅತ್ತೆ ಸಾಕ್ಷಿ ಹೇಳಿದರು.

ಡಾಕ್ಟರು ನನ್ನ ಮಾತನ್ನು ನಂಬಿದರು. ಕಂಪ್ಯೂಟರಿಗೆ ಅಂತ ಒಂದು ಕನ್ನಡಕ, ಕಣ್ಣು ಒಣಗದಂತೆ ಡ್ರಾಪ್ಸ್ ಬರೆದುಕೊಟ್ಟು, ಹದಿನೈದು ದಿನದಲ್ಲಿ ಸರಿಹೋಗದಿದ್ದರೆ ಚಿಕ್ಕಬಳ್ಳಾಪುರಕ್ಕೆ ಹೋಗಿ ದೊಡ್ಡ ಪರೀಕ್ಷೆ ಮಾಡಿಸಿ ಅಂದರು. ಅವರ ತಪ್ಪು ಒಂದೂ ಇಲ್ಲ. ನಾನು ಮನೆಗೆ ಬಂದು, ಮಾರನೇ ದಿನ ಬೆಳಗ್ಗೆ ಅದೇ ಡಬ್ಬಿಯಿಂದ ಅದೇ ಮಾತ್ರೆ ನುಂಗಿದೆ. ಅದರ ಮಾರನೇ ದಿನವೂ ನುಂಗಿದೆ.

ಕನ್ನಡಕ ಏನೂ ಮಾಡಲಿಲ್ಲ. ಒಂದು ಬೆಳಗ್ಗೆ ಸಾರಿಗೆ ಟೊಮೇಟೊ ಹೆಚ್ಚಿ ಹಾಕಿದೆ. ಅತ್ತೆ ಮುಚ್ಚಳ ತೆಗೆದು ನೋಡಿ, "ಏಮೇ, ಅರ್ಧ ಕಾಯಿ ಹಾಕಿದ್ದೀಯಲ್ಲ! ಹಣ್ಣು ಯಾವ್ದು ಕಾಯಿ ಯಾವ್ದು ಗೊತ್ತಾಗಲ್ವಾ?" ಅಂದರು. ಟೊಮೇಟೊ ಬೆಳೆಯುವ ಊರಿನಲ್ಲೇ ಹುಟ್ಟಿ ಬೆಳೆದವಳು ನಾನು! ಬುಟ್ಟಿಯಲ್ಲಿ ಉಳಿದಿದ್ದವನ್ನು ನೋಡಿದೆ. ಎಲ್ಲವೂ ಒಂದೇ ಮಣ್ಣಿನ ಬಣ್ಣಕ್ಕಿದ್ದವು. ಒಂದೊಂದನ್ನೇ ಒತ್ತಿ ನೋಡಿದೆ, ಮೆತ್ತಗಿದ್ದದ್ದು ಹಣ್ಣು, ಗಟ್ಟಿಯಿದ್ದದ್ದು ಕಾಯಿ. ಅವಸರದಲ್ಲಿ ನೋಡಲಿಲ್ಲ ಅತ್ತೆ ಅಂದೆ.

ಅವತ್ತೇ ಮಧ್ಯಾಹ್ನ ರೀಲರ್‌ಗಳ ಪುಟ ತೆರೆದೆ. ಒಂದು ಲಾಟು ಮಾರಾಟವಾಗಿದೆ, ಬದಲಾಯಿಸು ಅಂತ ಸಂದೇಶ ಬಂದಿತ್ತು. ಪುಟದಲ್ಲಿ ಸಾಲಾಗಿ ಹನ್ನೆರಡು ಚೌಕಗಳಿದ್ದವು. ಯಾವುದು ಹಸಿರು, ಯಾವುದು ಕೆಂಪು ಅಂತ ನನಗೆ ತಿಳಿಯಲಿಲ್ಲ. ನಾನೇ ಮಾಡಿದ ಪುಟ. ನಾನೇ ಆರಿಸಿದ ಬಣ್ಣ. ಹನ್ನೆರಡೂ ಒಂದೇ ಕಂದು. ಹತ್ತಿರ ಹೋಗಿ ನೋಡಿದೆ, ದೂರ ಸರಿದು ನೋಡಿದೆ, ಒಂದು ಕಣ್ಣು ಮುಚ್ಚಿ ನೋಡಿದೆ. ಒಂದು ಪದವಾದರೂ ಬರೆದಿದ್ದರೆ, ಮಸುಕಾದರೂ ಕಷ್ಟಪಟ್ಟು ಓದುತ್ತಿದ್ದೆನೋ ಏನೋ. ಬರೆದಿರಲಿಲ್ಲವಲ್ಲ.

ಅಷ್ಟರಲ್ಲಿ ಅಮೀರ್ ಸಾಹೇಬರ ಫೋನ್ ಬಂತು. ಈ ಸಲ ಅವರ ದನಿಯಲ್ಲಿ ದೂರು ಇರಲಿಲ್ಲ.

"ಮಂಜುಳಮ್ಮ, ಬೇಜಾರ್ ಮಾಡ್ಕೋಬೇಡ. ಒಂದ್ ಮಾತ್ ಹೇಳ್ಲಾ?"

"ಹೇಳಿ ಸಾಹೇಬ್ರೆ."

"ನಮ್ ನೂಲು ತೆಗೆಯೋ ಫಿಲೇಚರ್‌ನಲ್ಲಿ ಒಬ್ರು ಇದ್ರು. ವರ್ಷಗಟ್ಲೆ ಮಿಷನ್ ಸದ್ದಲ್ಲಿ ಕೆಲಸ ಮಾಡಿ ಕಿವಿ ಹೋಯ್ತು. ಅವರಿಗೆ ಗೊತ್ತೇ ಆಗ್ಲಿಲ್ಲ. ದಿನದಿಂದ ದಿನಕ್ಕೆ ಜೋರಾಗಿ ಮಾತಾಡ್ತಾ ಹೋದ್ರು, ಅಷ್ಟೆ. ನಾವೇ ಹೇಳ್ಬೇಕಾಯ್ತು, ಚಾಚಾ, ಕಿವಿ ತೋರಿಸ್ಕೊಳಿ ಅಂತ. ನಿನ್ ಬಣ್ಣನೂ ಹಂಗೇ ಆಗ್ತಾ ಇದೆಯಮ್ಮ. ವಾರ ವಾರಕ್ಕೂ ಕೂಗ್ತಾ ಇದೆ. ನಿನ್ ಕಣ್ಣು ಸರಿಯಾಗಿದೆ ತಾನೆ?"

ನಾನು ಆ ಹನ್ನೆರಡು ಚೌಕಗಳ ಮೇಲೆ ಬೆರಳಾಡಿಸುತ್ತಿದ್ದೆ.

"ಒಂದ್ಸಲ ತೋರಿಸ್ಕೊಳಮ್ಮ. ನಾನು ಬರೀ ಗೂಡು ನೋಡೋನು, ನಂಗೇನ್ ಗೊತ್ತು. ಆದ್ರೂ ತೋರಿಸ್ಕೊ."

ಫೋನ್ ಇಟ್ಟ ಮೇಲೆ ನಾನು ಮಾಡಿದ ಕೆಲಸ ಇಷ್ಟೆ. ಆ ಪುಟದ ಹಳೆಯ ಪ್ರತಿಗಳನ್ನೆಲ್ಲ ತೆರೆದೆ. ಕೆಲಸ ಬದಲಾಯಿಸಿದಾಗಲೆಲ್ಲ ತಾರೀಕಿನ ಜೊತೆ ಒಂದು ಪ್ರತಿ ಉಳಿದಿರುತ್ತದೆ. ಬಣ್ಣ ನಮ್ಮ ಕಣ್ಣಿಗೆ ಬಣ್ಣ, ಕಂಪ್ಯೂಟರಿಗೆ ಅಂಕಿ. ಅಕ್ಷರವನ್ನು ಬೆರಳುದ್ದ ದೊಡ್ಡದು ಮಾಡಿಕೊಂಡು ಆ ಅಂಕಿಗಳನ್ನು ಒಂದು ಹಾಳೆಯಲ್ಲಿ ಕೆಳಕೆಳಗೆ ಬರೆದುಕೊಂಡೆ. ಐದು ವಾರದ ಹಿಂದಿನವರೆಗೆ ತಿಂಗಳುಗಟ್ಟಲೆ ಅವು ಒಂದೇ ಸಮ ಇದ್ದವು. ಆಮೇಲೆ ಒಂದೊಂದು ಮೆಟ್ಟಿಲು ಏರಿ ಏರಿ, ಕೊನೆಗೆ ಇನ್ನು ಏರಲು ಜಾಗವಿಲ್ಲದ ಕಡೆ ನಿಂತಿದ್ದವು. ನನ್ನ ಫೋನಿನಲ್ಲಿ ತೆರೆದರೂ ಚೌಕಗಳೆಲ್ಲ ಒಂದೇ ಕಂದು, ಮಾನಿಟರ್ ಕೆಟ್ಟಿದ್ದರೆ ಅಲ್ಲಿ ಯಾಕೆ ಹಾಗೆ ಕಾಣಬೇಕು? ಬುಟ್ಟಿಯ ಟೊಮೇಟೊಗೆ ಯಾವ ಮಾನಿಟರ್?

ಆ ಗಳಿಗೆಯಲ್ಲಿ ಸಿಸ್ಟರ್ ಹೇಳಿದ ಮಾತು ತಲೆಗೆ ಹತ್ತಿತು. ಬಣ್ಣ ಬೇರೆ ತರ ಕಂಡರೆ ಅವತ್ತೇ ಬನ್ನಿ. ಅವತ್ತು ಬೆಳಗ್ಗೆಯೂ ನಾನು ಮಾತ್ರೆ ನುಂಗಿದ್ದೆ. ಹೊಟ್ಟೆಯಲ್ಲಿ ಅದು ಇನ್ನೂ ಇದೆ, ಈಗಲೂ ಕೆಲಸ ಮಾಡುತ್ತಿದೆ ಅಂತ ನೆನಪಾಯಿತು. ಓಡಿಹೋಗಿ ಬಾಯಿಗೆ ಬೆರಳು ಹಾಕಿದೆ. ಬರೀ ನೀರು ಬಂತು. ರವಿಗೆ ಫೋನ್ ಮಾಡಿ, "ರೀ, ನನ್ ಕಣ್ಣು ಹೋಗ್ತಾ ಇದೆ" ಅಂದೆ. ಅದರಾಚೆ ಮಾತೇ ಹೊರಡಲಿಲ್ಲ.

ರವಿ ಕೇಂದ್ರಕ್ಕೆ ಫೋನ್ ಮಾಡಿ ವಿಚಾರಿಸಿಕೊಂಡು ಮನೆಗೆ ಬರುವ ಹೊತ್ತಿಗೆ ನಾಲ್ಕು ಗಂಟೆ. ಮಾತ್ರೆ ನುಂಗಬೇಡಿ, ನಾಳೆ ಬೆಳಗ್ಗೆಯೇ ಚಿಕ್ಕಬಳ್ಳಾಪುರಕ್ಕೆ ಹೋಗಿ ಕಣ್ಣಿನ ವಿಭಾಗದಲ್ಲಿ ತೋರಿಸಿ ಅಂದಿದ್ದರಂತೆ. ನಾವಿಬ್ಬರೂ ಪಿಸುಗುಟ್ಟುವುದನ್ನು ನೋಡಿ ಅತ್ತೆ ಅಡುಗೆಮನೆಯಿಂದ ಬಂದು ನಿಂತರು.

"ಏನಾಯ್ತು? ಯಾರಿಗೇನಾಯ್ತು?"

ಏನಿಲ್ಲಮ್ಮ ಅಂತ ರವಿ ಶುರುಮಾಡಿದರು. ಇನ್ನು ಸಾಕಾಗಿತ್ತು ನನಗೆ.

"ಅತ್ತೆ, ನನಗೆ ಟೀಬಿ. ಥೈರಾಯ್ಡ್ ಇಲ್ಲ. ಆ ಡಬ್ಬಿಯಲ್ಲಿರೋದು ಟೀಬಿ ಮಾತ್ರೆ. ನಾಲ್ಕು ತಿಂಗಳಾಯ್ತು. ಅದ್ರಲ್ಲಿ ಒಂದು ಔಷಧಿ ಕಣ್ಣಿಗೆ ಹೊಡೆದಿದೆ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಹೊರಗೆ ಹೋಗಿ ಜಗುಲಿ ಮೇಲೆ ಕೂತರು. ಮುಗಿಯಿತು ಅಂದುಕೊಂಡೆ. ನಾಳೆಯಿಂದ ನನಗೆ ಬೇರೆ ತಟ್ಟೆ, ಬೇರೆ ಲೋಟ. ಕುರುಡಿಯಾದರೆ ಆ ತಟ್ಟೆಯನ್ನು ತಡಕಿಕೊಂಡು ಉಣ್ಣಬೇಕು. ಎಂಥೆಂಥದೋ ಯೋಚನೆ ಬಂತು. ಅರ್ಧ ಗಂಟೆಯಾದ ಮೇಲೆ ಅವರು ಒಳಗೆ ಬಂದರು. ಅತ್ತಿದ್ದರೋ ಇಲ್ಲವೋ ನನಗೆ ಕಾಣಿಸಲಿಲ್ಲ, ದನಿ ಮಾತ್ರ ಒಡೆದಿತ್ತು.

"ನಮ್ಮ ಓರಗಿತ್ತಿ ತಟ್ಟೆ ಹೊಸ್ತಿಲಲ್ಲಿ ಇಟ್ಟು ಬರ್ತಿದ್ದೋಳು ನಾನೇ. ತಿಂದ್ಳಾ ಇಲ್ವಾ ಅಂತ ಒಂದಿನ ಬಗ್ಗಿ ನೋಡ್ಲಿಲ್ಲ. ಅದಕ್ಕೇ ಅಲ್ವಾ ನೀನು ನಂಗೆ ಹೇಳ್ದೇ ಇದ್ದದ್ದು?"

"ಹೂಂ ಅತ್ತೆ" ಅಂದೆ. ಸುಳ್ಳು ಹೇಳಲು ಇನ್ನು ಶಕ್ತಿಯಿರಲಿಲ್ಲ.

"ನಿನ್ ಮನೆ ಹಾಳಾಗ! ನಾನೇ ದಿನಾ ನೀರು ಕೊಟ್ಟು ನುಂಗಿಸಿದ್ನಲ್ಲೇ!" ಅಂತ ಬೈದು, ನನ್ನ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡರು. ನಾಲ್ಕು ತಿಂಗಳಲ್ಲಿ ಮೊದಲ ಸಲ ನಾನು ಬಾಯಿಬಿಟ್ಟು ಅತ್ತುಬಿಟ್ಟೆ.

ಮಾರನೇ ದಿನ ಮೊದಲ ಬಸ್ಸಿಗೇ ಮೂವರೂ ಹೊರಟೆವು. ಶಿಡ್ಲಘಟ್ಟ ದಾಟುವವರೆಗೆ ನಾನು ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ. ಹಿಪ್ಪುನೇರಳೆ ತೋಟಗಳೆಲ್ಲ ಬೂದಿ ಎರಚಿದ ಹಾಗೆ ಕಂಡವು. ಇದೇ ಕೊನೆಯ ಸಲವೋ ಏನೋ ಅಂತ ಕಣ್ಣು ಮಿಟುಕಿಸದೆ ನೋಡಿದೆ.

ಆಸ್ಪತ್ರೆಯ ಕಣ್ಣಿನ ವಿಭಾಗದ ಮುಂದೆ ಜನ ಜಾತ್ರೆಯ ಹಾಗೆ ಸೇರಿದ್ದರು. ರವಿ ನೋಂದಣಿಯ ಸಾಲಿನಲ್ಲಿ ನಿಂತು ನನ್ನ ಚೀಟಿ ತಂದುಕೊಟ್ಟು, ಕೇಂದ್ರದ ಕಾಗದಗಳ ನಕಲು ಮಾಡಿಸಲು ಹೊರಗೆ ಹೋದರು. ಅಷ್ಟರಲ್ಲಿ ಒಬ್ಬಾಕೆ ಬಾಗಿಲಲ್ಲಿ ನಿಂತು ಕೂಗಿದಳು. "ಕೆಂಪು ಚೀಟಿಯೋರು ಈ ಕಡೆ ಬೆಂಚು, ಹಸಿರು ಚೀಟಿಯೋರು ಆ ಕಡೆ! ನಂಬರ್ ನೋಡ್ಕೊಂಡು ಕೂತ್ಕೊಳ್ಳಿ!"

ಕಣ್ಣಿನ ವಿಭಾಗದಲ್ಲಿ, ರೀ! ಕಣ್ಣು ಕಾಣದವರಿಗೆ ಬಣ್ಣದ ಚೀಟಿ! ಬೇರೆ ದಿನವಾಗಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಅವತ್ತು ಚೀಟಿ ಹಿಡಿದುಕೊಂಡು ನಡುವೆ ನಿಂತೆ. ಆಮೇಲೆ ನೆನಪಾಯಿತು, ನನ್ನ ಪುಟದಲ್ಲಿ ನಾನು ಮಾಡಿದ್ದೂ ಇದನ್ನೇ. ನಾಚಿಕೆಯಾಯಿತು.

"ಅತ್ತೆ, ಇದು ಯಾವ ಬಣ್ಣ?"

"ಕೆಂಪು ಕಣಮ್ಮ. ನಂಬರ್ ಎಷ್ಟು ನೋಡು, ನಂಗೆ ಓದಕ್ಕೆ ಬರಲ್ಲ."

ಚೀಟಿಯನ್ನು ಓರೆಯಾಗಿ ಹಿಡಿದು, ಕಣ್ಣಂಚಿನಿಂದ ನೋಡಿ, ನಲವತ್ತೊಂದು ಅಂತ ಓದಿದೆ. ಇಬ್ಬರೂ ಸೇರಿ ನಮ್ಮ ಬೆಂಚು ಹುಡುಕಿಕೊಂಡೆವು. ನಮ್ಮ ಸರದಿ ಬರಲು ಎರಡೂವರೆ ಗಂಟೆ ಹಿಡಿಯಿತು. ಆ ಎರಡೂವರೆ ಗಂಟೆ ಅತ್ತೆ ನನ್ನ ಮಣಿಕಟ್ಟು ಬಿಡಲಿಲ್ಲ. ಪಕ್ಕದಲ್ಲಿ ಕೂತಿದ್ದ ನಂದಿ ಕಡೆಯ ಅಜ್ಜಿಯೊಬ್ಬರು ಬುತ್ತಿ ಬಿಚ್ಚಿ, "ಹೆದರ್ಕೊಂಡಿದೀಯ ಮಗ, ಒಂದ್ ತುತ್ತು ತಿನ್ನು" ಅಂತ ನನ್ನ ಕೈಗೆ ಚಿತ್ರಾನ್ನ ಹಾಕಿದರು. ಯಾವ ಕಾಯಿಲೆ ಅಂತ ಕೇಳಲಿಲ್ಲ.

ಡಾಕ್ಟರಮ್ಮ ಒಂದು ಪುಸ್ತಕ ತೆರೆದರು. ಪುಟದ ತುಂಬ ಬಣ್ಣದ ಚುಕ್ಕಿಗಳು, ಚುಕ್ಕಿಗಳ ನಡುವೆ ಅಡಗಿರುವ ಅಂಕಿಯನ್ನು ಹೇಳಬೇಕು. ಆ ಪುಸ್ತಕ ನನಗೆ ಹೊಸದಲ್ಲ. ಕಂಪ್ಯೂಟರಿನಲ್ಲಿ ಎಷ್ಟೋ ಸಲ ತಮಾಷೆಗೆ ನೋಡಿ ಎಲ್ಲ ಅಂಕಿಗಳನ್ನೂ ಪಟಪಟ ಹೇಳಿ ಮುಗಿಸಿದ್ದೆ. ಮೊದಲ ಪುಟದಲ್ಲಿ ಹನ್ನೆರಡು ಅಂದೆ. ಅದು ಎಲ್ಲರಿಗೂ ಕಾಣುವ ಪುಟ ಅಂತ ನನಗೆ ಗೊತ್ತಿತ್ತು. ಎರಡನೇ ಪುಟದಲ್ಲಿ ಬರೀ ಚುಕ್ಕಿ. ಮೂರನೆಯದರಲ್ಲಿ ಬರೀ ಚುಕ್ಕಿ. ಅವರು ತಿರುಗಿಸುತ್ತಾ ಹೋದರು, ನಾನು ಇಲ್ಲ, ಇಲ್ಲ, ಇಲ್ಲ ಅನ್ನುತ್ತಾ ಹೋದೆ. ಪುಸ್ತಕ ಮುಗಿಯುವುದೇ ಬೇಡ, ಮುಂದಿನ ಪುಟದಲ್ಲಾದರೂ ಇರಬಹುದು ಅನ್ನಿಸುತ್ತಿತ್ತು. ಮುಗಿಯಿತು.

"ಇದಕ್ಕೆ ಮೊದ್ಲು ತೋರಿಸಿದ್ರಲ್ಲ, ಅಲ್ಲಿ ಟೀಬಿ ಮಾತ್ರೆ ವಿಷ್ಯ ಹೇಳಿದ್ರಾ?"

"ಇಲ್ಲ ಮೇಡಂ."

"ಯಾಕಮ್ಮ? ಓದಿದೋರು ನೀವು!"

"ನನ್ ಹೆದರಿಕೆಗೆ ಡಾಕ್ಟ್ರಮ್ಮ. ಬೈಯೋದಿದ್ರೆ ನನ್ನ ಬೈರಿ" ಅಂದರು ಅತ್ತೆ.

ಡಾಕ್ಟರಮ್ಮ ಬೈಯಲಿಲ್ಲ. ಆ ಒಂದು ಔಷಧಿ ಇವತ್ತಿನಿಂದಲೇ ನಿಲ್ಲಬೇಕು, ಉಳಿದದ್ದನ್ನು ಟೀಬಿ ಡಾಕ್ಟರು ಬದಲಾಯಿಸಿಕೊಡುತ್ತಾರೆ ಅಂದರು. ಕಣ್ಣು ವಾಪಸ್ ಬರುತ್ತದಾ ಅಂತ ಕೇಳಿದೆ.

"ತುಂಬಾ ಜನಕ್ಕೆ ಬರುತ್ತೆ. ಎಲ್ಲರಿಗೂ ಬರಲ್ಲ. ಎಷ್ಟು ಬೇಗ ನಿಲ್ಲಿಸಿದ್ವಿ ಅನ್ನೋದು ಮುಖ್ಯ. ಯಾವಾಗ ಶುರುವಾಯ್ತು, ಅಂದಾಜು ಹೇಳ್ತೀರಾ?"

ನಾನು ಬ್ಯಾಗಿನಿಂದ ಆ ಹಾಳೆ ತೆಗೆದುಕೊಟ್ಟೆ. ತಾರೀಕು, ಅದರ ಮುಂದೆ ಕೆಂಪಿನ ಅಂಕಿ, ಹಸಿರಿನ ಅಂಕಿ. ಏನು ಇದು ಅಂತ ಕೇಳಿದರು, ವಿವರಿಸಿದೆ. ಅವರು ಹಾಳೆಯನ್ನು ಎರಡು ಸಲ ಮೇಲಿಂದ ಕೆಳಗೆ ನೋಡಿ, "ಐದು ವಾರ" ಅಂದರು. "ಇಷ್ಟು ಕರೆಕ್ಟಾಗಿ ಯಾರೂ ಹೇಳಿದ್ದಿಲ್ಲ." ಅವರು ಮೆಚ್ಚಿಕೊಂಡೇ ಹೇಳಿದ್ದು. ನಾನು ಲೆಕ್ಕ ಹಾಕುತ್ತಿದ್ದದ್ದು ಬೇರೆ. ಐದರಲ್ಲಿ ಕೊನೆಯ ಎರಡು ವಾರ ನನ್ನ ಸುಳ್ಳಿನದು. ಆ ಎರಡು ವಾರದಲ್ಲಿ ಹೋದದ್ದೆಷ್ಟು, ಅದು ವಾಪಸ್ ಬರುತ್ತದಾ, ಯಾರೂ ಹೇಳಲಾರರು.

ಔಷಧಿ ಅಂತ ಏನೂ ಇರಲಿಲ್ಲ ಇದಕ್ಕೆ. ಕಾಯಬೇಕು, ಅಷ್ಟೆ. ಅದರಂಥ ಶಿಕ್ಷೆ ಇನ್ನೊಂದಿಲ್ಲ. ಮಾತ್ರೆಯಿದ್ದರೆ ನುಂಗಿ ಏನೋ ಮಾಡಿದೆ ಅಂದುಕೊಳ್ಳಬಹುದು. ಬೆಳಗ್ಗೆ ಎಚ್ಚರವಾದರೂ ಕಣ್ಣು ತೆರೆಯಲು ಹೆದರಿ ಹಾಗೇ ಮಲಗಿರುತ್ತಿದ್ದೆ. ಸ್ನಾನದ ಮನೆಯಲ್ಲಿ ಕಣ್ಣು ಮುಚ್ಚಿಕೊಂಡು ಬಕೆಟ್ ಎಲ್ಲಿ, ಚೆಂಬು ಎಲ್ಲಿ ಅಂತ ತಡಕಿ ಅಭ್ಯಾಸ ಮಾಡಿದೆ. ರವಿ ಒಂದು ಸಲ ಅದನ್ನು ಕಂಡು, "ಯಾಕೆ ಅಪಶಕುನ ಮಾಡ್ತೀಯ ಮಂಜು?" ಅಂತ ಕೂಗಾಡಿದರು. ಕೂಗಾಡಿ ಆಚೆ ಹೋಗಿ ಅತ್ತರು. ಮೊದಲ ತಿಂಗಳು ಏನೂ ಆಗಲಿಲ್ಲ. ಹಾಗಂತ ಅತ್ತೆ ಸುಮ್ಮನಿರಲಿಲ್ಲ. ಪಕ್ಕದಲ್ಲಿ ಕೂತು ತರಕಾರಿ ಬಿಡಿಸುತ್ತಾ, "ಇದು ಕೆಂಪು, ಇದು ಹಸಿರು" ಅಂತ ಹೇಳುತ್ತಾ ಹೋಗುತ್ತಿದ್ದರು. ಬೇರೆ ತಟ್ಟೆ ಬರಲಿಲ್ಲ. ಬೀದಿಯಲ್ಲಿ ಯಾರೋ ಏನೋ ಅಂದಾಗ, "ಅಂಟೋ ಟೀಬಿ ಅಲ್ಲ ಅದು, ಡಾಕ್ಟ್ರನ್ನ ಕೇಳು ಹೋಗು" ಅಂತ ಅವರೇ ಗದರಿಸಿ ಕಳಿಸಿದರಂತೆ.

ಅಮೀರ್ ಸಾಹೇಬರಿಗೆ ಕೆಲಸ ಬಿಡುತ್ತೇನೆ ಅಂದೆ. "ಬಿಟ್ಟು ಏನ್ ಮಾಡ್ತೀಯ? ಅಂಕಿ ಗೊತ್ತಿದೆಯಲ್ಲ ನಿಂಗೆ, ಹಳೇ ಅಂಕಿ ಹಾಕು. ನಾನು ನೋಡಿ ಹೇಳ್ತೀನಿ" ಅಂದರು. ಬಣ್ಣ ಏರಿಸುವುದಕ್ಕೆ ಮುಂಚಿನ ಅಂಕಿಗಳನ್ನು ವಾಪಸ್ ಹಾಕಿದೆ. ಪ್ರತಿ ಚೌಕದೊಳಗೆ 'ಸಿಗುತ್ತದೆ' ಅಥವಾ 'ಮಾರಾಟವಾಗಿದೆ' ಅಂತ ದಪ್ಪ ಅಕ್ಷರದಲ್ಲಿ ಬರೆದೆ. ಮಾರಾಟವಾದ ಚೌಕಕ್ಕೆ ಅಡ್ಡಗೀಟು ಎಳೆದೆ.

ಎರಡನೇ ತಿಂಗಳ ಕೊನೆಗೆ ನೇರವಾಗಿ ನೋಡಿದ ಅಕ್ಷರ ಅಲ್ಪಸ್ವಲ್ಪ ನಿಲ್ಲತೊಡಗಿತು. ನನ್ನ ಆಸೆಗೆ ಹಾಗೆ ಕಾಣಿಸುತ್ತಿದೆ ಅಂತ ಯಾರಿಗೂ ಹೇಳಲಿಲ್ಲ. ಮೂರನೇ ತಿಂಗಳು ಮತ್ತೆ ಚಿಕ್ಕಬಳ್ಳಾಪುರ, ಮತ್ತೆ ಅದೇ ಪುಸ್ತಕ. ಎಡಗಣ್ಣು ಮುಚ್ಚಿ ಕೂತೆ. ಎರಡನೇ ಪುಟದಲ್ಲಿ ಚುಕ್ಕಿಗಳ ನಡುವೆ ಏನೋ ಒಂದು ಬಳಕಿತು. "ಎಂಟು?" ಅಂದೆ. ಡಾಕ್ಟರಮ್ಮ ಪುಟ ತಿರುಗಿಸಿದರು. ಅದರ ಮುಂದಿನದೂ ಕಂಡಿತು. ಬಲಗಣ್ಣಿಗೆ ಮುಕ್ಕಾಲು ಪುಸ್ತಕ ಬಂತು. ಆಮೇಲೆ ಬಲಗಣ್ಣು ಮುಚ್ಚಿಸಿದರು. ಎಡಗಣ್ಣಿಗೆ ಬಂದದ್ದು ಮೂರೇ ಪುಟ.

ಅದಾಗಿ ಈಗ ವರ್ಷದ ಮೇಲಾಯಿತು. ಟೀಬಿ ಪೂರ್ತಿ ವಾಸಿಯಾಗಿದೆ, ಕತ್ತಿನ ಗಂಟು ಹೋಗಿದೆ. ಎಡಗಣ್ಣು ಅಲ್ಲಿಗೇ ನಿಂತಿದೆ. ಬಂದಷ್ಟು ಬಂತು, ಇನ್ನು ಹೆಚ್ಚಿಗೆ ಆಸೆ ಇಟ್ಟುಕೊಳ್ಳಬೇಡಿ ಅಂತ ಡಾಕ್ಟರಮ್ಮ ಹೇಳಿದ್ದಾರೆ. ಬಲಗಣ್ಣು ಮುಚ್ಚಿದರೆ ಕುಂಕುಮ ಇವತ್ತಿಗೂ ಇಟ್ಟಿಗೆ ಪುಡಿಯ ಹಾಗೆ ಕಾಣುತ್ತದೆ. ದಿನಾ ಬೆಳಗ್ಗೆ ಒಂದೊಂದೇ ಕಣ್ಣು ಮುಚ್ಚಿ ನೋಡಿಕೊಳ್ಳುತ್ತೇನೆ, ಬಲಗಣ್ಣು ನಿನ್ನೆಯ ಹಾಗೇ ಇದೆಯಾ ಅಂತ. ಇರುತ್ತದೆ. ಆದರೂ ನೋಡುವ ತನಕ ಹಾಸಿಗೆ ಬಿಟ್ಟು ಏಳುವುದಿಲ್ಲ. ಈ ಹೆದರಿಕೆ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ನಿಮ್ಮಲ್ಲಿ ಯಾರಾದರೂ ಮಾತ್ರೆಯನ್ನು ಬೇರೆ ಡಬ್ಬಿಗೆ ಹಾಕಿಟ್ಟುಕೊಂಡಿದ್ದರೆ, ದಯವಿಟ್ಟು ಇವತ್ತೇ ಆ ಡಬ್ಬಿ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ಮನೆಯವರು ಅರ್ಧ ಗಂಟೆ ಜಗುಲಿ ಮೇಲೆ ಕೂತು ಒಳಗೆ ಬರುತ್ತಾರೆ. ಬರದೇ ಇದ್ದರೂ ಕಣ್ಣಾದರೂ ಉಳಿಯುತ್ತದೆ.

ಈಗ ಯಾವ ಪುಟ ಮಾಡಿದರೂ ಕೊಡುವ ಮೊದಲು ಪರದೆಯಿಂದ ಬಣ್ಣವನ್ನೆಲ್ಲ ತೆಗೆದು ಬರೀ ಬೂದು ಬಣ್ಣಕ್ಕೆ ತಂದುಕೊಳ್ಳುತ್ತೇನೆ. ಅಕ್ಷರ ದೊಡ್ಡದು ಮಾಡುತ್ತೇನೆ. ಹಾಗೆ ನೋಡಿದಾಗಲೂ ಒತ್ತುವ ಪ್ರತಿಯೊಂದು ಗುಂಡಿ ಏನು ಅಂತ ತಿಳಿಯುವವರೆಗೆ ಬಿಡುವುದಿಲ್ಲ. ಮಂಜುಳ ಮೇಡಂಗೆ ಜನರ ಮೇಲೆ ಎಷ್ಟು ಕಾಳಜಿ ಅಂತ ಕೆಲವರು ಹೊಗಳುತ್ತಾರೆ. ಮೊನ್ನೆ ಅಲೀಪುರದಿಂದ ಬಂದಿದ್ದ ಅಂಗಡಿಯವರೊಬ್ಬರು ಮಾತ್ರ ಹೊಗಳಲಿಲ್ಲ. ತಮ್ಮ ಪುಟ ನೋಡಿ, ಇಷ್ಟು ದಪ್ಪ ಅಕ್ಷರ, ಎಲ್ಲದಕ್ಕೂ ಹೆಸರು, ಯಾಕೆ ಅಂದರು.

"ನಮ್ ಗಿರಾಕಿಗಳಲ್ಲಿ ಕಣ್ಣು ಕಾಣದೋರು ಯಾರೂ ಇಲ್ಲ ಮೇಡಂ. ಇದೆಲ್ಲ ಯಾರಿಗೋಸ್ಕರ?"

ಬೇರೆಯವರಾಗಿದ್ದರೆ ನಿಯಮ ಹೇಳುತ್ತಿದ್ದರು. ನಾನೂ ಮೊದಲು ಅದನ್ನೇ ಹೇಳುತ್ತಿದ್ದೆ.

"ನನಗೋಸ್ಕರ" ಅಂದೆ. "ಇನ್ನೊಂದು ಕಣ್ಣೂ ಹೋದ್ರೆ, ನಾನು ಮಾಡಿದ್ದು ನನಗೆ ಓದೋಕ್ಕಾಗ್ಬೇಕು."